ಅಳಿವೆ ದಂಡೆಯಲ್ಲಿ ರಾಜಪಾರ್ಟು

ಸಣ್ಣಬೇಲೆ,
೧೨ ಜನವರಿ ೨೦೨೫

ಕೇಳಿ! ಕೇಳಿ! ಬಾಗೂರಿನ ನನ್ನ ಮನೆಯ ಜಗುಲಿಯ ಮೇಲೆ ಕಿಕ್ಕಿರಿದು ನೆರೆದಿರುವ ಮಹಾಸಭೆಯೇ! ಕಂಬಕ್ಕೊರಗಿ ಕೂತ ಹಾರ್ಮೋನಿಯಂ ಮೇಷ್ಟ್ರು ರುದ್ರಯ್ಯನವರೇ! ಹೊಸ್ತಿಲಲ್ಲಿ ನಿಂತು ‘ಶುರುವಾಯ್ತು ಇವರ್ದು’ ಎಂದು ಗೊಣಗುತ್ತಿರುವ ನನ್ನ ಧರ್ಮಪತ್ನಿ ಲಕ್ಕಮ್ಮನೇ! ಮತ್ತು ಕಾಫಿ ಬರುವ ತನಕ ಏಳುವುದಿಲ್ಲವೆಂದು ಹಠ ಹಿಡಿದು, ಈ ಕಾಗದವನ್ನು ಎಲ್ಲರಿಗೂ ಓದಿ ಹೇಳುತ್ತಿರುವ, ಮೂವತ್ತು ವರ್ಷ ರಂಗದ ಮೇಲೆ ನನ್ನ ಕೈಲಿ ಸೋತರೂ ಬುದ್ಧಿ ಬಾರದ ಖಳಪಾರ್ಟಿನ ಹುಲಿಯಪ್ಪನೇ! ಸದ್ದು! ಹಿಂದಿನ ಸಾಲಿನವರು ಕೂತುಕೊಳ್ಳಿ! ರಾಜನು ಬರುತ್ತಿದ್ದಾನೆ!

ಬರುತ್ತಿದ್ದಾನೆ, ಆದರೆ ಬಾಯಿ ಮುಚ್ಚಿಕೊಂಡು ಬರುತ್ತಿದ್ದಾನೆ.

ಹಾಸನದ ಡಾಕ್ಟರು ನನ್ನ ಗಂಟಲಿನಿಂದ ಸಾಸಿವೆ ಕಾಳಿನಷ್ಟು ಗಂಟು ತೆಗೆದದ್ದು ನಿಮಗೆಲ್ಲ ಗೊತ್ತು. ಆಮೇಲೆ ಆತ ಹೇಳಿದ್ದನ್ನು ಲಕ್ಕಮ್ಮ ನಿಮಗೆ ಹೇಳಿರಲಿಕ್ಕಿಲ್ಲ. “ನಾನು ಹೇಳೋವರೆಗೂ ಮಾತಿಲ್ಲ. ಪಿಸುಮಾತೂ ಇಲ್ಲ” ಎಂದರು. “ಆಮ್ಯಾಕೆ ದನಿ ಮೊದ್ಲಿನಂಗೇ ಬತ್ತದಾ ಸಾ?” ಎಂದು ಇವಳು ಕೇಳಿದಳು. “ನೋಡೋಣ” ಎಂದರು. ಬಾಗೂರಿನ ಆಲೆಮನೆಯ ಹತ್ತಿರ ರಾಗಿ ಕುಯ್ಯುತ್ತಿದ್ದವರೂ ಕುಡುಗೋಲು ಬಿಟ್ಟು ಕೇಳುತ್ತಿದ್ದ ಕಂಠಕ್ಕೆ, ‘ನೋಡೋಣ’ ಎಂಬ ಒಂದು ಬಡ ಮಾತು!

ಮನೆಯಲ್ಲಿದ್ದರೆ ನಾನು ಬಾಯಿ ಮುಚ್ಚುವುದಿಲ್ಲವೆಂದು ಮಗಳು ದೀಪಶ್ರೀ ನನ್ನನ್ನು ಮೂಟೆ ಕಟ್ಟಿ, ಘಟ್ಟ ಇಳಿಸಿ, ತಾನು ಶಾಲೆಯ ಟೀಚರಾಗಿರುವ ಈ ಕಡಲ ಬದಿಯ ಕೇರಿಗೆ ತಂದಿದ್ದಾಳೆ. ಫೋನು ಇದೆ. ಆದರೆ ಅದಕ್ಕೆ ದನಿ ಬೇಕು. ಬೆರಳಲ್ಲಿ ಕುಟ್ಟುವ ಮೆಸೇಜಿನಲ್ಲಿ ನನ್ನ ಗಾತ್ರದ ಮನುಷ್ಯ ಹಿಡಿಸುವುದಿಲ್ಲ. ಆದ್ದರಿಂದ ಕಾಗದ.

ಈಗ ಅಚ್ಚರಿಯ ಸಂಗತಿ. ಈ ಸಣ್ಣಬೇಲೆಯಲ್ಲಿ ಯಾರೂ ದನಿ ಎತ್ತುವುದಿಲ್ಲ! ಮಕ್ಕಳು ಮರಳಿನಲ್ಲಿ ಕಬಡ್ಡಿ ಆಡುತ್ತಾರೆ, ತುಟಿ ಮಾತ್ರ ಅಲ್ಲಾಡುತ್ತದೆ. ಹತ್ತು ಆಳು ಸೇರಿ ಬಲೆ ಎಳೆಯುತ್ತಾರೆ, ‘ಐಸಾ’ ಎನ್ನುವವರಿಲ್ಲ. ದೂರದಲ್ಲಿರುವ ಹೆಂಡತಿಯನ್ನು ಕರೆಯಬೇಕಾದರೆ ಗಂಡ ಅಷ್ಟು ದೂರ ನಡೆದು ಹೋಗಿ ಭುಜ ಮುಟ್ಟುತ್ತಾನೆ. ಇದರ ಮರ್ಮ ನನಗೆ ಆಗಲೇ ಹೊಳೆಯಿತು. ಬಾಗೂರು ತಿಮ್ಮಪ್ಪನ ಕೀರ್ತಿ ಘಟ್ಟ ಇಳಿದು ಬಂದಿದೆ. ಮಹಾನಟನು ಮೌನದಲ್ಲಿರುವಾಗ ತಾವು ಮಾತಾಡಬಾರದೆಂಬ ಮರ್ಯಾದೆ! ನೋಡಿ ಕಲಿಯಿರಿ.

ಮಾರ್ಚಿ ಒಂಬತ್ತರ ನಾಟಕಕ್ಕೆ ತಾಲೀಮು ಶುರು ಮಾಡಿ. ನನ್ನ ಕಿರೀಟಕ್ಕೆ ಹೊಸ ಹಾಳೆ ಅಂಟಿಸಿ.

ನಿಮ್ಮ ರಾಜ,
ತಿಮ್ಮಪ್ಪ


ಬಾಗೂರು,
೨೦ ಜನವರಿ ೨೦೨೫

ಸ್ನೇಹಿತ ತಿಮ್ಮಪ್ಪನಿಗೆ ಹುಲಿಯಪ್ಪ ಮಾಡುವ ನಮಸ್ಕಾರ.

ಕಾಗದ ತಲುಪಿತು. ಓದಿ ಹೇಳಿದೆ. ಸಭೆಯಲ್ಲಿ ಇದ್ದದ್ದು ನಾನು, ಅತ್ತಿಗೆ, ರುದ್ರಯ್ಯ ಮೇಷ್ಟ್ರು ಮತ್ತು ನಿನ್ನ ಎಮ್ಮೆ. ಕಾಫಿ ಬಂತು. ಸಕ್ಕರೆ ಕಮ್ಮಿ.

ಮರ್ಯಾದೆಗೆ ಸುಮ್ಮನಿದ್ದಾರೆ ಅಂತ ಬರೆದಿದ್ದೀಯಲ್ಲ, ಅದನ್ನು ಕೇಳಿ ಅತ್ತಿಗೆ ನಕ್ಕ ನಗುವಿಗೆ ಕೈಲಿದ್ದ ಲೋಟ ಚೆಲ್ಲಿತು. “ಮೂವತ್ತೈದು ವರ್ಸದಿಂದ ನಾನೇ ಇವರ್ಗೆ ಎದುರುಮಾತು ಆಡ್ತಾ ಇವ್ನಿ. ಗುರ್ತಿಲ್ದೋರು ಯಾಕೆ ಬಾಯ್ ಮುಚ್ಕತಾರೆ? ಅಲ್ಲೇನೋ ಐತೆ, ಕೇಳೋಕೇಳು” ಎಂದರು. ನನಗೂ ಹಾಗೇ ಅನ್ನಿಸುತ್ತದೆ. ದೀಪಮ್ಮನನ್ನು ಕೇಳು. ಕೇಳೋಕೆ ಬಾಯಿಲ್ಲ ಅಂತೀಯ. ಬರೆದು ಕೇಳು.

ತಾಲೀಮು ಶುರುವಾಗಿದೆ. ಸಂಜೆ ದನ ಕಟ್ಟಿ ಎಲ್ಲರೂ ಬರುತ್ತಾರೆ. ದನದ ಫೀಡಿನ ಅಂಗಡಿಯ ಪೃಥ್ವಿರಾಜನೂ ಬಂದು ಕೂರುತ್ತಾನೆ. ಸುಮ್ಮನೆ ನೋಡುವುದಕ್ಕೆ. ನಿನ್ನ ಪಾರ್ಟಿನ ಯೋಚನೆ ನಿನಗೆ ಬೇಡ. ಅದು ಎಲ್ಲಿ ಹೋಗುತ್ತದೆ?

ಡಾಕ್ಟರು ಯಾವತ್ತು ಬಾಯಿ ಬಿಡು ಅಂತ ಹೇಳಿದ್ದಾರೆ, ತಾರೀಖು ಬರಿ. ಮರೆಯಬೇಡ.

ಇಂತಿ,
ಹುಲಿಯಪ್ಪ


ಸಣ್ಣಬೇಲೆ,
೨೯ ಜನವರಿ ೨೦೨೫

ಎಲವೋ ಹುಲಿಯಪ್ಪ, ಈ ಕಾಗದವನ್ನು ಜಗುಲಿಯಲ್ಲಿ ಓದಬೇಡ. ಒಬ್ಬನೇ ಓದು.

ಲಕ್ಕಮ್ಮ ಗೆದ್ದಳು. ಮರ್ಯಾದೆಯಲ್ಲ. ದೀಪಾ ನಿನ್ನೆ ಶಾಲೆ ಬಿಟ್ಟ ಮೇಲೆ ನನ್ನನ್ನು ಅಳಿವೆಯ ತನಕ ನಡೆಸಿಕೊಂಡು ಹೋದಳು. ಅಳಿವೆ ಎಂದರೆ ಇಲ್ಲಿ ಹೊಳೆ ಕಡಲಿಗೆ ಸೇರುವ ಬಾಯಿ. ಮೇಲೆ ತಣ್ಣಗೆ ಕಾಣುತ್ತದೆ, ಕೆಳಗೆ ನೀರು ಹೊಡೆದಾಡುತ್ತದೆ. ಅಲ್ಲಿ ನಿಂತು ಅವಳು ಹೇಳಿದಳು.

ಇಪ್ಪತ್ತು ವರ್ಷದ ಮೇಲಾಯಿತಂತೆ. ಒಂದು ಸಂಜೆ ಈ ಮರಳಿನ ಮೇಲೇ ನಾಟಕ ಕಟ್ಟಿದ್ದರು. ಹೌದು, ನಾಟಕ. ಪರದೆ, ಬಣ್ಣ, ತೆಂಗಿನ ಮರಕ್ಕೆ ಬಿಗಿದ ಮೈಕು. ಊರಿಗೆ ಊರೇ ಕೂತಿತ್ತು. ಯುದ್ಧದ ಸೀನು ನಡೆಯುವಾಗ, ತಡವಾಗಿ ಮರಳುತ್ತಿದ್ದ ಒಂದು ದೋಣಿ ಅಳಿವೆಯಲ್ಲಿ ಮಗುಚಿತು. ಒಳಗಿದ್ದ ಐದು ಹುಡುಗರು ದೋಣಿಯ ಅಂಚು ಹಿಡಿದು ಕೂಗಿದರು. ಕೂಗು ದಂಡೆಗೆ ಕೇಳಿಸಿತು, ಹುಲಿಯಪ್ಪ. ಕೇಳಿಸಿತು! ಪರದೆಯ ಹಿಂದೆ ಸೈನಿಕರು ಕೂಗುತ್ತಿದ್ದಾರೆಂದು ಜನ ತಿಳಿದರು. ‘ಭಾರಿ ಚೆಂದ ಕೂಗ್ತಾರೆ’ ಎಂದು ಚಪ್ಪಾಳೆ ತಟ್ಟಿದರು.

ಅಂದಿನಿಂದ ಈ ದಂಡೆಯಲ್ಲಿ ನಾಟಕವಿಲ್ಲ, ಮೈಕಿಲ್ಲ. ಬರಿಯ ಆಟಕ್ಕೆ, ಜಗಳಕ್ಕೆ, ಕರೆಯುವುದಕ್ಕೆ ಕೂಗುವಂತಿಲ್ಲ. ಇಲ್ಲಿ ಕೂಗು ಕೇಳಿದರೆ ಒಂದೇ ಅರ್ಥ. ದೋಣಿ ಮುಳುಗುತ್ತಿದೆ. ಅದಕ್ಕೆ ಆ ದನಿಯನ್ನು ಯಾರೂ ಖರ್ಚು ಮಾಡುವುದಿಲ್ಲ.

ಐವರಲ್ಲಿ ಒಬ್ಬನ ತಾಯಿ ಮಾಸ್ತಮ್ಮ. ಒಣಮೀನು ಮಾರುವವಳು. ದೀಪಾಳ ಪಕ್ಕದ ಮನೆ. ಮಾತಿಲ್ಲದೆ ಕಡಲು ನೋಡುತ್ತ ಕೂರುವ ನನ್ನನ್ನು ಕಂಡು ಮೊದಲ ವಾರವೇ ಗಂಜಿ, ಸುಟ್ಟ ಮೀನಿನ ಚಟ್ನಿ ತಂದಿಟ್ಟಳು. “ನಿಮ್ದೂ ಯಾರಾದ್ರೂ ನೀರಿಗೆ ಹೋದ್ರನ?” ಎಂದು ಕೇಳಿದಳು. ನಾನು ತಲೆ ಅಲ್ಲಾಡಿಸುವಷ್ಟರಲ್ಲಿ, “ಬ್ಯಾಡ, ಹೇಳೂದು ಬ್ಯಾಡ. ದುಃಖಕ್ಕೆ ಮಾತು ಕಟ್ಟಿ ಹೋಗ್ತದೆ. ನಂಗೆ ಗೊತ್ತುಂಟು. ಉಣ್ಣಿ” ಎಂದುಬಿಟ್ಟಳು. ಆಗಿನಿಂದ ದಿನವೂ ಗಂಜಿ ಬರುತ್ತದೆ. ಬರೆದು ತೋರಿಸೋಣವೆಂದರೆ ಅವಳಿಗೆ ಓದು ಬಾರದು. ನಾನು ನಾಟಕದವನೆಂದು ದೀಪಾ ಈ ಊರಲ್ಲಿ ಯಾರಿಗೂ ಹೇಳಿಲ್ಲ. ನಾನು ಆ ಗಂಜಿ ಉಣ್ಣುತ್ತಿದ್ದೇನೆ.

ಇರಲಿ! ಫೆಬ್ರವರಿ ಎಂಟಕ್ಕೆ ಬಾಯಿ ತೆರೆಯಲು ಅಪ್ಪಣೆ. ಮೊದಲು ಸಣ್ಣ ಸಣ್ಣ ಮಾತು, ಆಮೇಲೆ ಗರ್ಜನೆ. ಕಂಠವು ಗುಹೆಯೊಳಗಿನ ಸಿಂಹದಂತೆ ಕಾಯುತ್ತಿದೆ. ಮೀಸೆ ತಿರುಗಿಸಿಕೊಂಡಿರು, ಖಳನೇ. ಈ ಸಲವೂ ಸೋಲು ನಿನ್ನದೇ.

ತಿಮ್ಮಪ್ಪ


ಬಾಗೂರು,
೫ ಫೆಬ್ರವರಿ ೨೦೨೫

ತಿಮ್ಮಪ್ಪನಿಗೆ,

ನಿನ್ನ ಕಾಗದ ಒಬ್ಬನೇ ಓದಿದೆ. ಆ ತಾಯಿ ಕೊಟ್ಟ ಗಂಜಿ ಬೇಡ ಅನ್ನಬೇಡ.

ಗಂಟಲಿಗೆ ಆತುರ ಮಾಡಬೇಡ. ನಾಟಕ ಈ ವರ್ಷವೊಂದೇ ಅಲ್ಲ, ಮುಂದಿನ ವರ್ಷವೂ ಇರುತ್ತದೆ. ಬೇಕಾದರೆ ಇನ್ನೂ ಒಂದು ತಿಂಗಳು ಅಲ್ಲೇ ಇರು. ಕಡಲ ಗಾಳಿ ಒಳ್ಳೆಯದಂತೆ.

ಎಮ್ಮೆ ಕರು ಹಾಕಿದೆ.

ಹುಲಿಯಪ್ಪ


ಸಣ್ಣಬೇಲೆ,
೧೧ ಫೆಬ್ರವರಿ ೨೦೨೫

ಭಳಿರೇ ಹುಲಿಯಪ್ಪ! ಭಳಿರೇ!

ಒಂದು ತಿಂಗಳು ಅಲ್ಲೇ ಇರಬೇಕೋ? ಮುಂದಿನ ವರ್ಷ ನೋಡಬೇಕೋ? ಏನಯ್ಯ, ನನ್ನ ಕಿರೀಟದ ಅಳತೆ ನಿನ್ನ ತಲೆಗೆ ಸರಿಹೋಯಿತೇ? ಮೂವತ್ತು ವರ್ಷ ಕಾದಿದ್ದಕ್ಕೆ ಈಗ ಗಳಿಗೆ ಕೂಡಿ ಬಂತೇ? ಪರದೆಯ ಹಿಂದೆ ನನ್ನ ಬೀಡಿ ಸೇದಿ, ನನ್ನ ಬೆನ್ನಿಗೆ ಅಂಟಿದ ಬಣ್ಣ ಒರೆಸಿ, ಒಳಗೊಳಗೇ ಇದನ್ನು ಕಟ್ಟಿದೆಯಾ? ರಂಗದ ಮೇಲೆ ಖಳನ ಪಾರ್ಟು ಅಷ್ಟು ಚೆನ್ನಾಗಿ ನಿನಗೆ ಹೊಂದುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು.

ಕೇಳು. ಎಂಟನೆಯ ತಾರೀಖು ಬಾಯಿ ತೆರೆದೆ. ಮಾತಾಡುತ್ತಿದ್ದೇನೆ. ಡಾಕ್ಟರ ಮಾತಿಗೆ ಬೆಲೆ ಕೊಟ್ಟು ಸ್ವಲ್ಪ ತಗ್ಗಿಸಿ ಮಾತಾಡುತ್ತಿದ್ದೇನೆ, ಅಷ್ಟೇ. ನಿನ್ನ ಆಸೆ ಈಡೇರುವುದಿಲ್ಲ. ಸಿಂಹಾಸನ ನನ್ನದು.

ತಿಮ್ಮಪ್ಪ

(ಹುಲಿಯಪ್ಪ ಚಿಕ್ಕಪ್ಪ, ಅಂಟಿಸುವ ಮೊದಲು ಇದನ್ನು ನಾನು ಸೇರಿಸುತ್ತಿದ್ದೇನೆ. ಅಪ್ಪ ನಿಜ ಬರೆದಿಲ್ಲ. ಎಂಟನೆಯ ತಾರೀಖು ‘ದೀಪಾ’ ಎಂದು ಕರೆದರು. ಕೋಳಿಮರಿ ಕಿಚಗುಟ್ಟಿದ ಹಾಗೆ ಬಂತು. ಆಮೇಲೆ ಮುಸುಕು ಹಾಕಿಕೊಂಡು ಮಲಗಿದವರು ಊಟಕ್ಕೂ ಏಳಲಿಲ್ಲ. ಈಗ ಮಾತಾಡಬಹುದಾದರೂ ಬಾಯಿ ಬಿಡುತ್ತಿಲ್ಲ. ಬೈದಿದ್ದಾರೆ, ಬೇಜಾರು ಮಾಡಿಕೊಳ್ಳಬೇಡಿ. — ದೀಪಶ್ರೀ)


ಬಾಗೂರು,
೧೭ ಫೆಬ್ರವರಿ ೨೦೨೫

ಲೇ ತಿಮ್ಮ,

ನೀನು ಬೈದದ್ದು ಓದಿ ಸಮಾಧಾನವಾಯಿತು. ಬೈಯುವ ಶಕ್ತಿ ಇರುವವನು ಸತ್ತಿಲ್ಲ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹೇಳಿಬಿಡುತ್ತೇನೆ.

ಸಂಕ್ರಾಂತಿ ಕಳೆದ ವಾರವೇ ನಿನ್ನ ಪಾರ್ಟನ್ನು ಪೃಥ್ವಿರಾಜನಿಗೆ ಕೊಟ್ಟರು. ನಾನು ನಿನಗೆ ‘ಸುಮ್ಮನೆ ನೋಡುವುದಕ್ಕೆ ಬರುತ್ತಾನೆ’ ಎಂದು ಬರೆದ ದಿನ ಅವನು ನಿನ್ನ ಕತ್ತಿ ಹಿಡಿದುಕೊಂಡೇ ಕೂತಿದ್ದ. ಹುಡುಗ ಕೆಟ್ಟವನಲ್ಲ. ಆದರೆ ಕೆನ್ನೆಗೆ ನೊಣದಷ್ಟು ಮೈಕು ಅಂಟಿಸಿಕೊಂಡು, ಎದುರಿಗೆ ನಿಂತವನಿಗೂ ಕೇಳಿಸದ ಹಾಗೆ ಗೊಣಗುತ್ತಾನೆ. ಅದು ಡಬ್ಬದಿಂದ ದೊಡ್ಡದಾಗಿ ಬರುತ್ತದೆ. ಅವನು ‘ಎಲವೋ ನೀಚ’ ಎಂದಾಗ ನಾನು ನಡುಗಬೇಕು. ಎಲ್ಲಿ ನೋಡಿ ನಡುಗಲಿ? ಅವನನ್ನು ನೋಡಲೋ, ಡಬ್ಬವನ್ನು ನೋಡಲೋ?

ಎರಡು ಸಂಜೆ ತಡೆದುಕೊಂಡೆ. ಮೂರನೆಯ ಸಂಜೆ ಎದ್ದು, “ಮೇಷ್ಟ್ರೇ, ತಿಮ್ಮನ ಕೈಲಿ ಸೋತೋನು ನಾನು. ಈ ಡಬ್ಬದ ಕೈಲಿ ಸೋಲಕ್ಕಿಲ್ಲ. ನನ್ ಪಾರ್ಟ್ ಬ್ಯಾರೆ ಯಾರ್ಗಾರ ಕೊಡಿ” ಎಂದು ಹೇಳಿ, ಚಪ್ಪಲಿ ಮೆಟ್ಟಿ ಮನೆಗೆ ಬಂದೆ. ಆಗಿನಿಂದ ತಾಲೀಮಿನ ಕಡೆ ಹೋಗಿಲ್ಲ. ನಿನಗೆ ಏನು ಬರೆಯಬೇಕೆಂದು ತೋಚದೆ ಎಮ್ಮೆ ವಿಷಯ ಬರೆದೆ.

ಮೊನ್ನೆ ರುದ್ರಯ್ಯ ಮೇಷ್ಟ್ರು ಮನೆಗೆ ಬಂದಿದ್ದರು. “ಹುಲಿಯಪ್ಪ, ಮಾರ್ಚಿ ಒಂದ್ನೇ ತಾರೀಖ್ಗೆ ತಿಮ್ಮಪ್ಪ ಬಂದು ನಿಲ್ಲಲಿ. ಮೈಕಿಲ್ದೆ ಅವನ ದನಿ ಸ್ಟೇಜಿಂದ ಆಲೆಮನೆ ಮುಟ್ಟಿದ್ರೆ ಪಾರ್ಟ್ ಅವಂದೇ. ಪೃಥ್ವಿರಾಜನ್ನ ನಾನು ಒಪ್ಪುಸ್ತೀನಿ. ಮುಟ್ಟದಿದ್ರೆ ನನ್ನ ಕೇಳ್ಬ್ಯಾಡ” ಎಂದರು.

ದನಿ ಒಡೆದದ್ದು ನನಗೆ ಗೊತ್ತಾಗಿದೆ. ಹೇಗೆ ಅಂತ ಕೇಳಬೇಡ, ಮಗಳನ್ನು ಬೈಯಲೂ ಬೇಡ. ಮುಟ್ಟುವ ದನಿ ಇದ್ದರೆ ಬಾ. ಇಲ್ಲದಿದ್ದರೂ ಬಾ. ಇಬ್ಬರೂ ಹಿಂದಿನ ಸಾಲಿನಲ್ಲಿ ಕೂತು ಕಡಲೆಕಾಯಿ ತಿಂದುಕೊಂಡು ಡಬ್ಬವನ್ನು ಗೇಲಿ ಮಾಡೋಣ.

ನಿನ್ನ ಕೈಲಿ ಸೋತ,
ಹುಲಿಯಪ್ಪ


ಸಣ್ಣಬೇಲೆ,
೨೩ ಫೆಬ್ರವರಿ ೨೦೨೫, ಸಂಜೆ

ಜಗುಲಿ ತುಂಬಿಸು, ಹುಲಿಯಪ್ಪ! ಕೇರಿಯನ್ನೆಲ್ಲ ಕರೆ! ಪೃಥ್ವಿರಾಜನಿಗೆ ಮುಂದಿನ ಸಾಲಿನಲ್ಲಿ ಚಾಪೆ ಹಾಕು! ರುದ್ರಯ್ಯ ಮೇಷ್ಟ್ರು ಶ್ರುತಿ ಹಿಡಿಯಲಿ! ನೀನು ಮಾತ್ರ ಓದುವಾಗ ಕಣ್ಣೊರೆಸಿಕೊಳ್ಳಲು ಟವಲು ಇಟ್ಟುಕೋ. ನಿನ್ನ ಕಾಗದ ಓದಿ ನಾನು ದೀಪಾಳ ಸೀರೆಯ ಸೆರಗು ತೋಯಿಸಿದ್ದೇನೆ. ಹಿಂದಿನ ಕಾಗದದಲ್ಲಿ ಬೈದದ್ದನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ. ‘ಖಳ’ ಎಂದದ್ದೊಂದನ್ನು ಬಿಟ್ಟು.

ನಿನ್ನೆ ನಸುಕಿನಲ್ಲಿ, ಕೋಳಿಮರಿಯೋ ಸಿಂಹವೋ ಇಂದೇ ತೀರ್ಮಾನವಾಗಲಿ ಎಂದು ಎದ್ದೆ. ಮನೆಗಳ ಹತ್ತಿರ ದನಿ ಎತ್ತುವಂತಿಲ್ಲ, ಅಷ್ಟು ವಿವೇಕ ನನಗಿತ್ತು. ದಂಡೆಯ ತುದಿಯಲ್ಲಿ, ಅಳಿವೆಯ ಈಚೆ ಬಂಡೆಗಳಿವೆ. ಬಂಡೆಗಳ ಹಿಂದೆ ಹೋಗಿ ಕಡಲಿಗೆ ಮುಖ ಮಾಡಿ ನಿಂತೆ. ಈ ಮುರುಕು ಕಂಠ ಇಲ್ಲಿಂದ ಯಾರ ಕಿವಿಗೂ ಹೋಗದು ಎಂಬ ಧೈರ್ಯ. ಎದೆ ತುಂಬ ಉಸಿರು ಎಳೆದೆ. ನಮ್ಮ ರಾಜ ರಂಗಕ್ಕೆ ಬರುವಾಗಿನ ಆ ಮೊದಲ ಕೂಗು, “ಯಾರಲ್ಲೀ!” ಎಂದೆ. ಮತ್ತೊಮ್ಮೆ, “ಯಾರಲ್ಲೀ! ಬನ್ನಿರಿ!”

ನನಗೇ ಕೇಳಿಸಲಿಲ್ಲ, ಹುಲಿಯಪ್ಪ! ಕಾಲ ಬಳಿ ಅಲೆ ಬಂಡೆಗೆ ಅಪ್ಪಳಿಸುತ್ತಿತ್ತು. ಬಾಯಿ ತೆರೆದದ್ದು ಗೊತ್ತು, ಗಂಟಲ ನರ ಬಿಗಿದದ್ದು ಗೊತ್ತು, ಕಿವಿಗೆ ಬಂದದ್ದು ಬರೀ ಕಡಲು. ಮೂರನೆಯ ಸಲ ಇದ್ದ ಜೀವವನ್ನೆಲ್ಲ ಹಾಕಿ ಕೂಗಿದೆ. ಏನೂ ಇಲ್ಲ. ಮುಗಿಯಿತು ಎಂದುಕೊಂಡೆ. ಬಾಗೂರು ತಿಮ್ಮಪ್ಪ ಮುಗಿದ. ಬಂಡೆಯ ಮೇಲೆ ಕುಕ್ಕರಿಸಿ, ತಲೆಯ ಮೇಲೆ ಟವಲು ಹಾಕಿಕೊಂಡು ಕೂತೆ.

ಎಷ್ಟು ಹೊತ್ತೋ. ಮರಳಿನಲ್ಲಿ ಧಡಧಡ ಸದ್ದಾಯಿತು. ತಿರುಗಿ ನೋಡುತ್ತೇನೆ.

ಊರು! ಇಡೀ ಊರು! ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡ ಗಂಡಸರು, ಹುಟ್ಟು ಹಿಡಿದ ಹೆಂಗಸರು, ತೇಲಲೆಂದು ಖಾಲಿ ಡಬ್ಬಗಳನ್ನು ಹಗ್ಗಕ್ಕೆ ಪೋಣಿಸಿ ಎಳೆದು ತರುತ್ತಿದ್ದ ಮುದುಕರು. ಮಗುವನ್ನು ಎದೆಗವಚಿಕೊಂಡು ಓಡಿ ಬರುತ್ತಿದ್ದ ಬಾಣಂತಿ. ಅಳಿವೆಯಲ್ಲಿ ಆಗಲೇ ನಾಲ್ಕು ದೋಣಿ ನೀರಿಗೆ ಇಳಿದಿದ್ದವು. ಎಲ್ಲರಿಗಿಂತ ಮುಂದೆ ದೋಣಿಯ ಮೂತಿಯಲ್ಲಿ ನಿಂತ ಸುಕ್ರ ಹರಿಕಂತ್ರ ಕಡಲ ಮೇಲೆಲ್ಲ ಕಣ್ಣಾಡಿಸುತ್ತಿದ್ದ.

“ಎಲ್ಲಿ? ದೋಣಿ ಎಲ್ಲಿ? ಯಾರದ್ದು?” ಎಂದ ನನ್ನನ್ನು ಕಂಡು.

ನಾನು ಎದ್ದು ನಿಂತು ಕೈ ಮುಗಿದೆ.

“ದೋಣಿ ಇಲ್ಲ ಕಣಪ್ಪ. ಕೂಗಿದ್ದು ನಾನು.”

ಸುಕ್ರ ಬಾಯಿ ತೆರೆದು ನಿಂತ. “ನೀವಾ? ನೀವು ಮೂಕರಲ್ವನಾ?”

“ಗಂಟ್ಲು ಆಪ್ರೇಸನ್ ಆಗಿತ್ತು. ದನಿ ಬತ್ತದಾ ಅಂತ ನೋಡ್ದೆ. ಇಲ್ಲಿಂದ ಯಾರ್ಗೂ ಕೇಳ್ಸಕ್ಕಿಲ್ಲ ಅನ್ಕಂಡಿದ್ದೆ.”

“ಕೇಳ್ಸೂದಿಲ್ಲನಾ?” ಅವನು ದೋಣಿಯಿಂದ ಧುಮುಕಿ ಸೊಂಟದ ನೀರಿನಲ್ಲಿ ನಡೆದು ಬಂದ. “ದೇವಸ್ಥಾನದ ಆಚೆ ಬಲೆ ಹೊಲೀತಾ ಕೂತಿದ್ದೆ ನಾನು. ಅರ್ಧ ಮೈಲಿ! ಎದೆ ಒಡ್ದು ಕೈಲಿದ್ದ ಬಲೆ ಕೆಳಗೆ ಬಿತ್ತು ಮಾರಾಯ್ರೆ! ನಿಮ್ಗೆ ದನಿ ಬಂತಾ ಅಂತ ಕೇಳ್ತ್ರಿ!”

ಅರ್ಧ ಮೈಲಿ! ಕೇಳಿದೆಯಾ ಹುಲಿಯಪ್ಪ? ಅಲೆಯ ಆರ್ಭಟವನ್ನು ದಾಟಿ ಅರ್ಧ ಮೈಲಿ! ಒಳಗೆ ಜಯಭೇರಿ ಬಾರಿಸುತ್ತಿತ್ತು, ಹೊರಗೆ ಮುಖ ಎತ್ತಲಾಗುತ್ತಿರಲಿಲ್ಲ. ಹೆಂಗಸರು ಇನ್ನೂ ಏದುಸಿರು ಬಿಡುತ್ತಿದ್ದರು. ಒಬ್ಬ ಮುದುಕ ಡಬ್ಬ ಒಗೆದು ಬೈಯತೊಡಗಿದ. ಬೈಸಿಕೊಳ್ಳಬೇಕಾದ್ದೇ. ಯಾವ ಊರಿನಲ್ಲಿ ಯಾವ ಕೂಗು ಕೂಗಿದೆ ನಾನು!

ಆಗ ಮಾಸ್ತಮ್ಮ ಮುಂದೆ ಬಂದಳು. ಸೆರಗು ಸೊಂಟಕ್ಕೆ ಸುತ್ತಿ, ಕೈಯಲ್ಲೊಂದು ಹಗ್ಗ.

“ಎಂತ ಕೂಗಿದ್ದು ನೀವು?”

ಸುಳ್ಳು ಹೇಳಬಹುದಿತ್ತು. ಅವಳ ಗಂಜಿ ಹೊಟ್ಟೆಯಲ್ಲಿತ್ತು, ಬಾಯಿಗೆ ಬರಲಿಲ್ಲ. “ರಾಜಪಾರ್ಟು ಕಣವ್ವ. ನಾನು ನಾಟಕದೋನು” ಎಂದೆ.

ನಾಟಕವೆಂಬ ಮಾತು ಬಿದ್ದದ್ದೇ ಬೈಯುತ್ತಿದ್ದ ಮುದುಕ ಮಾಸ್ತಮ್ಮನ ಕಡೆ ತಿರುಗಿದ. ಮಾಸ್ತಮ್ಮ ನನ್ನನ್ನು ನೋಡಲಿಲ್ಲ. ತಿರುಗಿ ಹಿಂದೆ ನಿಂತ ಊರನ್ನು ನೋಡಿದಳು. ಒಬ್ಬೊಬ್ಬರನ್ನೂ ನೋಡಿದಳು. ನೀರಿನಲ್ಲಿದ್ದ ದೋಣಿಗಳನ್ನು ನೋಡಿದಳು.

“ಎಲ್ಲ ಬಂದ್ರು” ಎಂದಳು. “ಸುಕ್ರಾ, ನೀ ಅಂಗಿ ಸೈತ ಹಾಕ್ಲಿಲ್ಲ. ನಾಗವೇಣಿ, ಒಲೆ ಮೇಲೆ ಅನ್ನ ಬಿಟ್ಟು ಬಂದ್ಯಾ?”

“ಬಿಟ್ಟೇ ಬಂದೆ ಅಬ್ಬಿ. ಹೊತ್ತಿ ಹೋಗಿರ್ತದೆ” ಎಂದಳು ಬಾಣಂತಿ.

“ಹೋಗ್ಲಿ. ಹೊತ್ತಿ ಹೋಗ್ಲಿ.” ಮಾಸ್ತಮ್ಮ ಮರಳ ಮೇಲೆ ಕೂತುಬಿಟ್ಟಳು. “ಇಷ್ಟು ವರ್ಷ ನಿದ್ದೆ ಬರ್ಲಿಲ್ಲ ನಂಗೆ. ಮತ್ತೊಂದ್ಸಲ ಯಾರಾದ್ರೂ ಕೂಗಿದ್ರೆ ಈ ಊರು ಓಡಿ ಬತ್ತದಾ, ಇಲ್ಲ ಚಪ್ಪಾಳೆ ತಟ್ತದಾ ಅಂತ. ಬಂತಲ್ಲ! ಕಣ್ಣಾರೆ ನೋಡ್ದೆ. ಬಂತು!”

ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಒಂದೇ ಮುಖದಲ್ಲಿತ್ತು. ಮೊದಲು ನಕ್ಕವನು ಸುಕ್ರ. ಆಮೇಲೆ ಬಾಣಂತಿ. ಆಮೇಲೆ ಡಬ್ಬ ಒಗೆದ ಮುದುಕ. ದೀಪಾ ಓಡಿ ಬಂದವಳು ನನ್ನನ್ನು ಬೈಯಬೇಕೋ ತಬ್ಬಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಆ ದಂಡೆಯ ಮೇಲೆ ಅಷ್ಟು ದೊಡ್ಡ ನಗೆ ಕೇಳಿದ್ದು ತಾನು ಹುಟ್ಟಿದ ಮೇಲೆ ಇದೇ ಮೊದಲೆಂದು ನಾಗವೇಣಿ ನನಗೆ ಆಮೇಲೆ ಹೇಳಿದಳು.

ಮೂವತ್ತು ವರ್ಷ ರಂಗದ ಮೇಲೆ ನಿಂತು ‘ಯಾರಲ್ಲಿ’ ಎಂದು ಕೂಗಿದ್ದೇನೆ, ಸಭಾಸದರೇ. ಪ್ರತಿ ಸಲ ಬಂದದ್ದು ಅಂಟಿಸಿದ ಮೀಸೆ ಕಳಚಿಕೊಂಡ ಒಬ್ಬ ಬಡಕಲು ದೂತ. ನಿನ್ನೆ ಬಂದದ್ದು ಒಂದೂರು. ಇದಕ್ಕಿಂತ ದೊಡ್ಡ ರಾಜ್ಯಾಭಿಷೇಕ ಯಾವ ರಾಜನಿಗೆ ಆಗಿದೆ?

ದೀಪಾ ಹಾಸನದ ಡಾಕ್ಟರಿಗೆ ಫೋನು ಮಾಡಿದಳು. ಮೊದಲು ಬೈದರಂತೆ. ಅರ್ಧ ಮೈಲಿ ಎಂದದ್ದಕ್ಕೆ ನಕ್ಕು, “ದಿನಾ ಬೇಡ. ನಾಟಕದ ದಿನ ಕೂಗಲಿ” ಎಂದರಂತೆ. ಮೇಷ್ಟ್ರೇ, ಒಂದನೆಯ ತಾರೀಖು ಆಲೆಮನೆಯ ಹತ್ತಿರ ಯಾರನ್ನಾದರೂ ನಿಲ್ಲಿಸಿ. ಹತ್ತಿರ ಬೇಡ, ಅದರ ಆಚೆ ನಿಲ್ಲಿಸಿ! ಪೃಥ್ವಿರಾಜ, ಮಗನೇ, ನಿನಗೆ ಮಂತ್ರಿಪಾರ್ಟು. ಮೈಕು ತೆಗೆದಿಟ್ಟು ಬಾ, ಹೊಟ್ಟೆಯಿಂದ ದನಿ ತೆಗೆಯುವುದನ್ನು ನಾನು ಹೇಳಿಕೊಡುತ್ತೇನೆ. ಹುಲಿಯಪ್ಪ, ಚಪ್ಪಲಿ ಮೆಟ್ಟು, ತಾಲೀಮಿಗೆ ಹೋಗು, ನಿನ್ನ ಗದೆಯ ಧೂಳು ಒರೆಸು. ಸೋಲುವುದಕ್ಕೆ ಸಿದ್ಧನಾಗು! ಅಳಿವೆಯಿಂದ ಬಸ್ಸು ಹಿಡಿದು, ಹಾಸನ, ಹಿರೀಸಾವೆ ಸುತ್ತಿ, ಈ ಕಾಗದದ ಹಿಂದೆಯೇ ನಿನ್ನ ಮುಂದೆ ನಿಲ್ಲುತ್ತೇನೆ. ಲಕ್ಕಮ್ಮನಿಗೆ ಹೇಳು, ಎಮ್ಮೆಯ ಗಟ್ಟಿ ಮೊಸರು ಎತ್ತಿಡಲಿ.

ಆದರೆ ಅದಕ್ಕೆ ಮೊದಲು ಒಂದು ಪಾರ್ಟು ಬಾಕಿ ಇದೆ.

ಇಂದು ಮಧ್ಯಾಹ್ನ ಮಾಸ್ತಮ್ಮ ಗಂಜಿ ತಂದಿಟ್ಟು, ಹೋಗದೆ ಬಾಗಿಲಲ್ಲೇ ನಿಂತಳು. “ಮಾತು ಬರೂ ಮನುಷ್ಯ್ರು ಅಂತ ಗೊತ್ತಾದ ಮೇಲೂ ಗಂಜಿ ತಂದೆ ನೋಡಿ” ಎಂದು ಛೇಡಿಸಿದಳು. ಆಮೇಲೆ ಮೆಲ್ಲಗೆ, “ಆ ದಿವ್ಸದಿಂದ ನನ್ನ ಗಣಪೂನ ಹೆಸ್ರು ಈ ದಂಡೆ ಮೇಲೆ ಯಾರೂ ಕರೀಲಿಲ್ಲ. ನಂಗೆ ದನಿ ಇಲ್ಲ. ನಿಮ್ಗೆ ಉಂಟು” ಎಂದಳು. ಸುಕ್ರ ಉಳಿದ ನಾಲ್ಕು ಮನೆಗೂ ಹೋಗಿ ಕೇಳಿಕೊಂಡು ಬಂದ. ಎಲ್ಲರೂ ಹೂಂ ಅಂದರು.

ಆದ್ದರಿಂದ, ಮಹಾಜನಗಳೇ, ನಾಳೆ ಬೆಳಿಗ್ಗೆ ದೋಣಿಗಳು ಹೊರಡುವ ಮೊದಲು ನಾನು ಅಳಿವೆಯ ಬಾಯಲ್ಲಿ ನಿಲ್ಲುತ್ತೇನೆ. ಬಣ್ಣವಿಲ್ಲ, ಕಿರೀಟವಿಲ್ಲ. ಹಿಂದೆ ಊರು ನಿಂತಿರುತ್ತದೆ. ಎದೆ ತುಂಬ ಉಸಿರು ಎಳೆದು ಕಡಲಿಗೆ ಕೇಳುವಂತೆ ಕರೆಯುತ್ತೇನೆ: ಗಣಪೂ! ಬೀರಾ! ವೆಂಕಟಾ! ಸೋಮಾ! ಜಟ್ಟೀ! ಒಂದೊಂದು ಹೆಸರಿಗೂ ಊರೆಲ್ಲ ಒಂದೇ ದನಿಯಲ್ಲಿ ‘ಓ’ ಎನ್ನುತ್ತದೆ.